ಬೆಲೆ ಬರೆದಿಟ್ಟ ಯಂತ್ರ, ಬೆಲೆ ಮುಚ್ಚಿಟ್ಟ ಯಂತ್ರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದೇನೆ. ಎರಡು ತಿಂಗಳಿಗೊಮ್ಮೆ ಗೆಳೆಯರೆಲ್ಲ ಸೇರಿ ಅಮೆರಿಕದ ಮೂಲನಿವಾಸಿಗಳು ನಡೆಸುವ, ಹತ್ತಿರದ ಬುಡಕಟ್ಟು ಕ್ಯಾಸಿನೊಗೆ ಹೋಗುತ್ತೇವೆ. ತಲೆಗೆ 200 ಡಾಲರ್, ನಾಲ್ಕು ಗಂಟೆ ಆಟ. ಇಷ್ಟು ದಿನ ಉರುಳೆ ತಿರುಗುವ ಸ್ಲಾಟ್ ಯಂತ್ರ ಆಡುತ್ತಿದ್ದೆ. ವಿಡಿಯೊ ಪೋಕರ್‌ನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ವಾಪಸ್ ಬರುತ್ತದೆ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ನಿಜವೇ? ಬಹಳ ಹೊತ್ತು ಕೊಡದೆ ಇರುವ ಯಂತ್ರ ಇನ್ನೇನು ಕೊಡುತ್ತದೆ, ಕ್ಯಾಸಿನೊ ಕೊಡುವ ಸದಸ್ಯರ ಕ್ಲಬ್ ಕಾರ್ಡ್ ಹಾಕಿದರೆ ಕಡಿಮೆ ಕೊಡುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಹುರುಳಿದೆಯೇ? ಮುಂದಿನ ತಿಂಗಳು ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರನ್ನೂ ಒಮ್ಮೆ ಕರೆದುಕೊಂಡು ಹೋದರೆ ಏನು ಎಚ್ಚರ ವಹಿಸಬೇಕು?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ. ವಿಡಿಯೊ ಪೋಕರ್ ಎಂದರೆ ಯಂತ್ರ ಐದು ಎಲೆ ಕೊಟ್ಟು, ಬೇಡದ್ದನ್ನು ಒಮ್ಮೆ ಬದಲಿಸಲು ಬಿಟ್ಟು, ಕೊನೆಯ ಐದು ಎಲೆಗೆ (ಇದನ್ನೇ ಒಂದು ‘ಕೈ’ ಎನ್ನುವುದು) ಪಟ್ಟಿಯಂತೆ ಹಣ ಕೊಡುವ ಆಟ. ನೂರಕ್ಕೆ 99.54 ವಾಪಸ್ ಕೊಡುವ ವಿಡಿಯೊ ಪೋಕರ್ ಇದೆ. ಅದೇ ಹೆಸರು, ಅದೇ ಪರದೆ, ಅದೇ ಗುಂಡಿಗಳನ್ನು ಇಟ್ಟುಕೊಂಡು ನೂರಕ್ಕೆ 95 ಮಾತ್ರ ಕೊಡುವ ಯಂತ್ರವೂ ಅದರ ಪಕ್ಕದಲ್ಲೇ ನಿಂತಿರಬಹುದು. ಎರಡರಲ್ಲಿ ಯಾವುದು ಯಾವುದು ಎಂದು ಹಣ ಹಾಕುವ ಮೊದಲೇ ಓದಿಕೊಳ್ಳಬಹುದು, ವಿಡಿಯೊ ಪೋಕರಿನ ಅನುಕೂಲ ಇರುವುದು ಇಲ್ಲೇ. ಸ್ಲಾಟ್ ತನ್ನ ಬೆಲೆಯನ್ನು ಯಾರಿಗೂ ಹೇಳುವುದಿಲ್ಲ.

ಬುಡಕಟ್ಟು ಕ್ಯಾಸಿನೊದಲ್ಲಿ ಅದಕ್ಕೂ ಮುಂಚೆ ಇನ್ನೊಂದು ಪರೀಕ್ಷೆ ಇದೆ: ಎದುರಿಗಿರುವುದು ನಿಜವಾದ ಇಸ್ಪೀಟ್ ಆಟವೋ, ಇಸ್ಪೀಟಿನ ವೇಷ ಹಾಕಿದ ಬಿಂಗೊವೋ (ನಮ್ಮ ತಂಬೋಲದಂಥ ಆಟ)? 1987ರಲ್ಲಿ ಕಬಜಾನ್ ಬುಡಕಟ್ಟಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬುಡಕಟ್ಟು ನೆಲದ ಬಿಂಗೊ ಮತ್ತು ಇಸ್ಪೀಟ್ ಮನೆಗಳ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯದ ಅಧಿಕಾರ ನಡೆಯದು ಎಂದಿತು. ಮರುವರ್ಷ ಬಂದ ಕೇಂದ್ರದ ಕಾನೂನು ಆಟಗಳನ್ನು ಮೂರು ವರ್ಗ ಮಾಡಿತು. ಮೊದಲನೆಯದು ಬುಡಕಟ್ಟಿನವರ ಸಾಂಪ್ರದಾಯಿಕ ಆಟಗಳು, ನಮಗೆ ಸಂಬಂಧವಿಲ್ಲ. ಎರಡನೆಯದು ಬಿಂಗೊ ಮತ್ತು ಅದರ ಜಾತಿಯವು, ಇದಕ್ಕೆ ರಾಜ್ಯದ ಜೊತೆ ಒಪ್ಪಂದ ಬೇಕಿಲ್ಲ. ಲಾಸ್ ವೇಗಸ್ ಮಾದರಿಯ ಸ್ಲಾಟ್, ವಿಡಿಯೊ ಪೋಕರ್ ಎಲ್ಲ ಮೂರನೆಯ ವರ್ಗ, ಅದಕ್ಕೆ ರಾಜ್ಯದೊಡನೆ ಒಪ್ಪಂದ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಒಪ್ಪಂದಗಳಿಗೆ ಗಟ್ಟಿ ನೆಲೆ ಸಿಕ್ಕಿದ್ದು 2000ದ ಮಾರ್ಚಿನಲ್ಲಿ ಮತದಾರರು ರಾಜ್ಯದ ಸಂವಿಧಾನ ತಿದ್ದುಪಡಿಯನ್ನು ಒಪ್ಪಿದ ಮೇಲೆ.

ಇದರ ಫಲ ನಿಮ್ಮ ಸುತ್ತಮುತ್ತಲೇ ಕಾಣುತ್ತದೆ. ರೋನರ್ಟ್ ಪಾರ್ಕಿನ ಗ್ರೇಟನ್, ಕೇಪೇ ಕಣಿವೆಯ ಕ್ಯಾಶ್ ಕ್ರೀಕ್ ಮೂರನೆಯ ವರ್ಗದವು. ನಿಮಗೆ ಅವಕ್ಕಿಂತ ಹತ್ತಿರವಿರುವ ಸ್ಯಾನ್ ಪಾಬ್ಲೊ ಲಿಟನ್ ಕ್ಯಾಸಿನೊದಲ್ಲಿ ಇರುವುದು ಎರಡನೆಯ ವರ್ಗದ ಬಿಂಗೊ ಯಂತ್ರಗಳು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಉರುಳೆಗಳು ತಿರುಗುತ್ತವೆ, ದೀಪ ಮಿನುಗುತ್ತದೆ. ಆದರೆ ಪರದೆಯ ಮೂಲೆಯಲ್ಲಿ ಐದೈದು ಮನೆಗಳ ಪುಟ್ಟ ಬಿಂಗೊ ಚೀಟಿ ಇರುತ್ತದೆ. ಗುಂಡಿ ಒತ್ತಿದಾಗ ನಡೆಯುವುದು ಆ ಚೀಟಿಯ ಆಟ. ಜಾಲದಲ್ಲಿ ಇನ್ನೊಬ್ಬ ಆಟಗಾರನಾದರೂ ಇರಬೇಕು, ಚೆಂಡುಗಳ ಸಂಖ್ಯೆ ಬಿದ್ದು ನಿಮ್ಮ ಚೀಟಿಯಲ್ಲಿ ಯಾವ ವಿನ್ಯಾಸ ಕೂಡಿತೋ ಅದರ ಮೇಲೆ ಬಹುಮಾನ ಗೊತ್ತಾಗುತ್ತದೆ. ಉರುಳೆ ತಿರುಗುವುದು ಆ ಬಹುಮಾನವನ್ನು ನಿಮಗೆ ತೋರಿಸುವ ಅಲಂಕಾರ ಅಷ್ಟೇ.

ಸ್ಲಾಟ್ ಆಡುವವರಿಗೆ ಇದರಿಂದ ಹೆಚ್ಚು ಲಾಭ ನಷ್ಟವಿಲ್ಲ. ವಿಡಿಯೊ ಪೋಕರ್ ಆಡುವವರಿಗೆ ಮಾತ್ರ ಇಡೀ ಆಟವೇ ಬದಲಾಗುತ್ತದೆ. ಬಿಂಗೊ ಮೇಲೆ ನಡೆಯುವ ಪೋಕರ್‌ನಲ್ಲಿ ಯಾವ ಎಲೆ ಇಟ್ಟುಕೊಂಡಿರಿ, ಯಾವುದನ್ನು ಎಸೆದಿರಿ ಎಂಬುದಕ್ಕೆ ಬೆಲೆ ಇಲ್ಲ. ಬಿಂಗೊ ಚೀಟಿ 5 ಡಾಲರ್ ಎಂದರೆ 5 ಡಾಲರ್. ಕೆಲವು ಯಂತ್ರಗಳಲ್ಲಿ ಗೆಲ್ಲುವ ಕೈಯನ್ನೇ ನೀವು ಎಸೆದುಬಿಟ್ಟರೆ ಪರದೆಯ ಮೇಲೆ ಒಂದು ಭೂತವೋ ಕುಳ್ಳನೋ ಪ್ರತ್ಯಕ್ಷವಾಗಿ ಎಲೆ ಬದಲಿಸಿ ಗೆಲುವು ಕೊಟ್ಟು ಹೋಗುತ್ತದೆ. ಅದನ್ನು ಕಂಡ ಕೂಡಲೇ ತಿಳಿಯಿರಿ, ಇಲ್ಲಿ ನಿಮ್ಮ ಕೌಶಲಕ್ಕೆ ಕೂಲಿ ಇಲ್ಲ. ಬಿಂಗೊ ಚೀಟಿ ಕಂಡರೆ ಪೋಕರ್ ಆಡಬೇಡಿ, ಈ ಉತ್ತರದ ಮುಂದಿನ ಲೆಕ್ಕ ಯಾವುದೂ ಅಲ್ಲಿಗೆ ಅನ್ವಯಿಸುವುದಿಲ್ಲ.

ಮೂರನೆಯ ವರ್ಗದ ಯಂತ್ರ ಎಂದು ಖಾತ್ರಿಯಾಯಿತು ಅನ್ನಿ. ಈಗ ಬೆಲೆ ಓದುವ ಕೆಲಸ. ‘ಜಾಕ್ಸ್ ಆರ್ ಬೆಟರ್’ ಆಟದ ಪಟ್ಟಿಯಲ್ಲಿ ಒಂದು ನಾಣ್ಯದ ಕಾಲಂ ನೋಡಿ. ಗುಲಾಮ ಅಥವಾ ಅದಕ್ಕಿಂತ ದೊಡ್ಡ ಜೋಡಿಗೆ 1, ಎರಡು ಜೋಡಿಗೆ 2, ಒಂದೇ ಬಗೆಯ ಮೂರಕ್ಕೆ (ಮೂರು ರಾಜರು ಎನ್ನುವಂತೆ) 3, ಸ್ಟ್ರೇಟ್‌ಗೆ (ಸಾಲಾಗಿ ಬಂದ ಐದು ಎಲೆ) 4, ಒಂದೇ ಬಗೆಯ ನಾಲ್ಕಕ್ಕೆ 25, ಸ್ಟ್ರೇಟ್ ಫ್ಲಶ್‌ಗೆ (ಒಂದೇ ರಂಗಿನ ಸ್ಟ್ರೇಟ್) 50. ಇವು ಸಾಮಾನ್ಯವಾಗಿ ಬದಲಾಗುವುದಿಲ್ಲ. ಕ್ಯಾಸಿನೊ ಕೈ ಹಾಕುವುದು ಎರಡೇ ಸಾಲಿಗೆ, ಫುಲ್ ಹೌಸ್ (ಒಂದೇ ಬಗೆಯ ಮೂರರ ಜೊತೆ ಒಂದು ಜೋಡಿ) ಮತ್ತು ಫ್ಲಶ್ (ಒಂದೇ ರಂಗಿನ ಐದು ಎಲೆ). ಪೂರ್ತಿ ಕೊಡುವ ಯಂತ್ರದಲ್ಲಿ ಅವು 9 ಮತ್ತು 6, ವಾಪಸಾತಿ 99.54. 8 ಮತ್ತು 6 ಇದ್ದರೆ 98.39. 8 ಮತ್ತು 5 ಎಂದರೆ 97.30. 7 ಮತ್ತು 5 ಎಂದರೆ 96.15. 6 ಮತ್ತು 5 ಎಂದರೆ 95. ಲೆಕ್ಕ ಸರಳ: ಚೆನ್ನಾಗಿ ಆಡಿದಾಗ ಫುಲ್ ಹೌಸ್ ಸುಮಾರು 87 ಕೈಗೊಂದು, ಫ್ಲಶ್ 91 ಕೈಗೊಂದು ಬರುತ್ತದೆ. ಆದ್ದರಿಂದ ಈ ಸಾಲುಗಳಲ್ಲಿ ಒಂದೊಂದು ಅಂಕಿ ಇಳಿದಾಗಲೂ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ನಿಮ್ಮ ಜೇಬಿನಿಂದ ಹೋಗುತ್ತದೆ.

ಐಜಿಟಿ ಕಂಪನಿಯ ಗೇಮ್ ಕಿಂಗ್ ಮಾದರಿಯ ಯಂತ್ರಗಳಲ್ಲಿ ಒಂದೇ ಪೆಟ್ಟಿಗೆಯೊಳಗೆ ಹತ್ತಾರು ಆಟ, ನಾಲ್ಕೈದು ನಾಣ್ಯದ ದರ ಇರುತ್ತವೆ. 25 ಸೆಂಟಿನಲ್ಲಿ 7 ಮತ್ತು 5 ತೋರಿಸುವ ಯಂತ್ರ 1 ಡಾಲರಿಗೆ ಬದಲಿಸಿದ ತಕ್ಷಣ 9 ಮತ್ತು 6 ತೋರಿಸಬಹುದು. ಹಣ ಹಾಕುವ ಮೊದಲೇ ಪರದೆಯ ನಾಣ್ಯದ ಚಿತ್ರ ಮುಟ್ಟಿ ಪ್ರತಿ ದರದಲ್ಲೂ ಪಟ್ಟಿ ನೋಡಿ. ಒಂದು ಸಾಲಿನ ಎಂಟು ಯಂತ್ರಗಳಲ್ಲಿ ಏಳು ಒಂದೇ ತೆರ ಇದ್ದು ಎಂಟನೆಯದು ಬೇರೆ ಇರುವುದೂ ಉಂಟು. ಬಾರ್ ಕಟ್ಟೆಯಲ್ಲಿ ಹುದುಗಿಸಿದ ಯಂತ್ರಗಳನ್ನು ನೋಡದೆ ನಂಬಬೇಡಿ.

ಹೆಸರಿನಲ್ಲಿ ‘ಬೋನಸ್’ ಕಂಡರೆ ಹಿಗ್ಗಬೇಡಿ. ‘ಡಬಲ್ ಡಬಲ್ ಬೋನಸ್’ ಈಗ ಎಲ್ಲೆಲ್ಲೂ ಇರುವ ಆಟ. ನಾಲ್ಕು ಎಕ್ಕದ ಜೊತೆ 2, 3 ಅಥವಾ 4 ಬಿದ್ದರೆ ನಾಣ್ಯಕ್ಕೆ 400 ಕೊಡುತ್ತದೆ, ನಿಜ. ಆ ಹಣ ಬಂದದ್ದು ಎರಡು ಜೋಡಿಯಿಂದ: ಅಲ್ಲಿ 2ರ ಬದಲು 1. ಎರಡು ಜೋಡಿ ಎಂಟು ಕೈಗೆ ಒಂದರಂತೆ ಬರುವುದರಿಂದ ಹಣ ಸರಸರನೆ ಕರಗುತ್ತದೆ. ಇದರಲ್ಲೂ 9 ಮತ್ತು 6 ಇದ್ದರೆ 98.98, 8 ಮತ್ತು 5 ಇದ್ದರೆ 96.79. 200 ಡಾಲರಿನಲ್ಲಿ ನಾಲ್ಕು ಗಂಟೆ ಕಳೆಯಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ ಆಟವಲ್ಲ. ‘ಬೋನಸ್ ಪೋಕರ್’ ಮಾತ್ರ 8 ಮತ್ತು 5 ಇದ್ದಾಗ 99.17 ಕೊಡುತ್ತದೆ, ಒಳ್ಳೆಯದೇ. ‘ಡ್ಯೂಸಸ್ ವೈಲ್ಡ್’ನಲ್ಲಿ (ಇದರಲ್ಲಿ 2 ಯಾವ ಎಲೆಯ ಬದಲಿಗೂ ನಡೆಯುತ್ತದೆ) ಎರಡೇ ಸಾಲು ನೋಡಿದರೆ ಸಾಲದು. ವೈಲ್ಡ್ ರಾಯಲ್‌ನಿಂದ (2ರ ನೆರವಿನಿಂದ ಕೂಡಿದ ರಾಯಲ್ ಫ್ಲಶ್) ಕೆಳಕ್ಕೆ 25, 16, 10, 4, 4, 3, 2 ಎಂದು ಇಳಿದರೆ 99.73. ಆದರೆ ಅದರ ಆಟದ ಕ್ರಮವೇ ಬೇರೆ, ಜಾಕ್ಸ್ ಕಲಿತ ತಲೆಯಲ್ಲಿ ಅದನ್ನು ಆಡಿದರೆ ಅಂಕಿ ಕೈಗೆ ದಕ್ಕುವುದಿಲ್ಲ.

ಐದು ನಾಣ್ಯ ಏಕೆ ಹಾಕಬೇಕು ಎನ್ನುವುದಕ್ಕೆ ಕಾರಣ ರಾಯಲ್ ಫ್ಲಶ್, ಅಂದರೆ ಒಂದೇ ರಂಗಿನ 10, ಗುಲಾಮ, ರಾಣಿ, ರಾಜ, ಎಕ್ಕ. ಒಂದರಿಂದ ನಾಲ್ಕು ನಾಣ್ಯದವರೆಗೆ ರಾಯಲ್‌ಗೆ ನಾಣ್ಯಕ್ಕೆ 250, ಐದನೆಯ ನಾಣ್ಯಕ್ಕೆ ಅದು ಒಮ್ಮೆಲೇ 4,000ಕ್ಕೆ, ಅಂದರೆ ನಾಣ್ಯಕ್ಕೆ 800ಕ್ಕೆ ಹಾರುತ್ತದೆ. ಒಂದೇ ನಾಣ್ಯ ಆಡಿದರೆ 99.54 ಇದ್ದದ್ದು ಸುಮಾರು 98.4ಕ್ಕೆ ಇಳಿಯುತ್ತದೆ. ಹಾಗೆಂದು 5 ಸೆಂಟಿನ ಐದು ನಾಣ್ಯವೇ ಮೇಲು ಎಂದು ಓಡಬೇಡಿ. 5 ಸೆಂಟಿನಲ್ಲಿ ಪಟ್ಟಿ 7 ಮತ್ತು 5 ಆಗಿದ್ದರೆ ವಾಪಸಾತಿ 96.15, ಪಕ್ಕದ 9 ಮತ್ತು 6ರಲ್ಲಿ 25 ಸೆಂಟಿನ ಒಂದೇ ನಾಣ್ಯ ಹಾಕುವುದು ಅದಕ್ಕಿಂತ ವಾಸಿ.

ಇನ್ನು ಎಲೆ ಇಟ್ಟುಕೊಳ್ಳುವ ಕ್ರಮ. ನಮ್ಮವರು ತಪ್ಪುವುದು ಹೆಚ್ಚಾಗಿ ರಮ್ಮಿಯ ಅಭ್ಯಾಸದಿಂದ. ರಮ್ಮಿಯಲ್ಲಿ 4, 5 ಮತ್ತು 7, 8 ಕೈಯಲ್ಲಿದ್ದರೆ 6ಕ್ಕಾಗಿ ಕಾಯುತ್ತೇವೆ, ಕಾಯಲು ಸರದಿಗಳಿರುತ್ತವೆ. ಇಲ್ಲಿ ಎಲೆ ಬದಲಿಸಲು ಒಂದೇ ಅವಕಾಶ. ಕೈಯಲ್ಲಿ ಐದು ಎಲೆ ಹೋದರೆ ಕಟ್ಟಿನಲ್ಲಿ ಉಳಿದದ್ದು 47, ಅದರಲ್ಲಿ 6 ನಾಲ್ಕೇ. ನಾಲ್ಕು ಎಲೆಗೆ ನಾಲ್ಕರಂತೆ 16, ಅದನ್ನು 47ರಿಂದ ಭಾಗಿಸಿದರೆ ಒಂದು ನಾಣ್ಯಕ್ಕೆ 0.34 ಸಿಗುತ್ತದೆ. ಐದಕ್ಕೆ ಐದೂ ಎಸೆದು ಹೊಸ ಎಲೆ ತೆಗೆದುಕೊಂಡರೆ ಸರಾಸರಿ 0.36. ಹಾಗಾಗಿ ಮಧ್ಯದ ಎಲೆ ಬೇಕಾದ ಸ್ಟ್ರೇಟ್‌ನಲ್ಲಿ ದೊಡ್ಡ ಎಲೆ (ಗುಲಾಮ, ರಾಣಿ, ರಾಜ, ಎಕ್ಕ) ಒಂದೂ ಇಲ್ಲದಿದ್ದರೆ ಎಲ್ಲವನ್ನೂ ಎಸೆಯಿರಿ. 4, 5, 6, 7 ಇದ್ದು ಎರಡೂ ತುದಿ ತೆರೆದಿದ್ದರೆ ಎಂಟು ಎಲೆ ಸಿಕ್ಕಿದಂತಾಗಿ 0.68, ಇದನ್ನು ಇಟ್ಟುಕೊಳ್ಳಿ. ಆದರೆ ಸಣ್ಣ ಜೋಡಿಯೊಂದು ಕೈಯಲ್ಲಿದ್ದರೆ ಅದರ ಬೆಲೆ 0.82, ತೆರೆದ ಸ್ಟ್ರೇಟ್ ಬಿಟ್ಟು ಜೋಡಿಯನ್ನೇ ಹಿಡಿಯಬೇಕು.

ಇಸ್ಪೇಟಿನ ರಾಜ, ಆಟೀನಿನ ರಾಜ, ಇಸ್ಪೇಟಿನ 9, 5, 2 ಬಂತು ಅನ್ನಿ. ನಾಲ್ಕು ಇಸ್ಪೇಟು ನೋಡಿ ಫ್ಲಶ್ ಹಿಡಿಯುವ ಆಸೆಯಾಗುತ್ತದೆ. ಒಂಬತ್ತು ಇಸ್ಪೇಟು ಉಳಿದಿವೆ, ಆರರಂತೆ 54. ಇನ್ನೊಂದು ರಾಜ ಬೀಳಬಹುದಾದ ಎರಡು ಸಲಕ್ಕೆ 2. ಒಟ್ಟು 56ನ್ನು 47ರಿಂದ ಭಾಗಿಸಿದರೆ 1.19. ರಾಜರ ಜೋಡಿ ಹಿಡಿದರೆ 1.54. ಜೋಡಿಯೇ ಸರಿ. ಅದೇ ರಾಜರ ಬದಲು 8ರ ಜೋಡಿ ಇದ್ದಿದ್ದರೆ ಉತ್ತರ ತಿರುಗುಮುರುಗು: 0.82ಕ್ಕಿಂತ 1.15 ದೊಡ್ಡದು, ಫ್ಲಶ್ ಹಿಡಿಯಿರಿ.

ಕೈ ನಡುಗಿಸುವ ಇನ್ನೊಂದು ಸಂದರ್ಭ: ಆಟೀನಿನ ಎಕ್ಕ, ರಾಜ, ರಾಣಿ, ಗುಲಾಮ, ಜೊತೆಗೆ ಆಟೀನಿನ 4. ಫ್ಲಶ್ ಆಗಲೇ ಆಗಿದೆ, 6 ಖಚಿತ. ಆದರೂ 4 ಎಸೆಯಬೇಕು. 10 ಬಿದ್ದರೆ 800, ಉಳಿದ ಏಳು ಆಟೀನಿಗೆ 42, ಬೇರೆ ರಂಗಿನ ಮೂರು 10ಕ್ಕೆ 12, ದೊಡ್ಡ ಜೋಡಿಯಾಗಿಸುವ ಹನ್ನೆರಡು ಎಲೆಗೆ 12. ಕೂಡಿದರೆ 866, ಎಲೆಗೆ ಸರಾಸರಿ 18.43. ಕಾಲು ಡಾಲರಿನ ಐದು ನಾಣ್ಯದಲ್ಲಿ ಹೇಳುವುದಾದರೆ 7.50 ಡಾಲರ್ ಬಿಟ್ಟು ಸರಾಸರಿ 23 ಡಾಲರಿನ ಅವಕಾಶ ಕೊಂಡ ಹಾಗೆ. 47ರಲ್ಲಿ 24 ಸಲ ಬರಿಗೈ, ಅದನ್ನು ತಡೆದುಕೊಳ್ಳಬೇಕು.

ಇದನ್ನೆಲ್ಲ ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ತಪ್ಪಿಲ್ಲ, ಯಂತ್ರದ ಮುಂದೆ ಚೀಟಿ ನೋಡಿ ಆಡಿದರೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಮೇಲಿನಿಂದ ಕೆಳಕ್ಕೆ: ಒಂದೇ ಬಗೆಯ ನಾಲ್ಕು ಮತ್ತು ಅದಕ್ಕೂ ಮೇಲಿನ ಕೈ, ರಾಯಲ್‌ಗೆ ನಾಲ್ಕು, ಫುಲ್ ಹೌಸ್ ಫ್ಲಶ್ ಸ್ಟ್ರೇಟ್ ಮತ್ತು ಒಂದೇ ಬಗೆಯ ಮೂರು, ಸ್ಟ್ರೇಟ್ ಫ್ಲಶ್‌ಗೆ ನಾಲ್ಕು, ಎರಡು ಜೋಡಿ, ದೊಡ್ಡ ಜೋಡಿ, ರಾಯಲ್‌ಗೆ ಮೂರು, ಫ್ಲಶ್‌ಗೆ ನಾಲ್ಕು, ಸಣ್ಣ ಜೋಡಿ, ತೆರೆದ ಸ್ಟ್ರೇಟ್‌ಗೆ ನಾಲ್ಕು, ಒಂದೇ ರಂಗಿನ ಎರಡು ದೊಡ್ಡ ಎಲೆ, ಸ್ಟ್ರೇಟ್ ಫ್ಲಶ್‌ಗೆ ಮೂರು, ಬೇರೆ ರಂಗಿನ ಎರಡು ದೊಡ್ಡ ಎಲೆ (ಮೂರಿದ್ದರೆ ಅವುಗಳಲ್ಲಿ ಚಿಕ್ಕವೆರಡು), ಒಂದೇ ರಂಗಿನ 10 ಮತ್ತು ಒಂದು ದೊಡ್ಡ ಎಲೆ (ಎಕ್ಕ ಬಿಟ್ಟು), ಒಂಟಿ ದೊಡ್ಡ ಎಲೆ, ಯಾವುದೂ ಇಲ್ಲದಿದ್ದರೆ ಎಲ್ಲ ಎಸೆತ. ಮೊದಲು ಕಣ್ಣಿಗೆ ಬಿದ್ದ ಸಾಲೇ ನಿಮ್ಮ ಉತ್ತರ. ಹೀಗೆ ಆಡಿದರೆ ಪರಿಪೂರ್ಣ ಆಟಕ್ಕಿಂತ ನೂರಕ್ಕೆ ಒಂದರ ಹತ್ತನೇ ಭಾಗವೂ ಕಳೆದುಕೊಳ್ಳುವುದಿಲ್ಲ. ಜೋಡಿಯ ಜೊತೆ ‘ಇರಲಿ’ ಎಂದು ಎಕ್ಕವನ್ನು ಹಿಡಿಯುವ ಚಾಳಿ ಮಾತ್ರ ಬಿಡಿ, ಅದು ಮೂರನೆಯದು ಬೀಳುವ ದಾರಿಯನ್ನು ಕಿರಿದು ಮಾಡುತ್ತದೆ.

ಹಣದ ಲೆಕ್ಕಕ್ಕೆ ಬರೋಣ. ಗಂಟೆಗೆ 600 ಕೈ, ಕೈಗೆ 1.25 ಡಾಲರ್ ಎಂದರೆ 750 ಡಾಲರ್ ಯಂತ್ರದೊಳಗೆ ಸುತ್ತುತ್ತದೆ. 9 ಮತ್ತು 6ರಲ್ಲಿ ಅದರ ಬೆಲೆ ಗಂಟೆಗೆ ಮೂರೂವರೆ ಡಾಲರ್, 6 ಮತ್ತು 5ರಲ್ಲಿ 37.50. ‘ಪೆನ್ನಿ’ ಸ್ಲಾಟ್ ಎನ್ನುವುದರಲ್ಲಿ ಎಲ್ಲ ಸಾಲು ಸೇರಿ ಕನಿಷ್ಠ ಪಣ 88 ಸೆಂಟ್ ಇದ್ದು, ನೂರಕ್ಕೆ 10 ಹಿಡಿದುಕೊಳ್ಳುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 53 ಡಾಲರ್. ಪೆನ್ನಿ ಎನ್ನುವ ಹೆಸರು ಕೇಳಿ ಅಗ್ಗ ಅಂದುಕೊಳ್ಳುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಆದರೆ ಮೂರೂವರೆ ಡಾಲರ್ ಎನ್ನುವುದು ರಾಯಲ್ ಸೇರಿದ ಸರಾಸರಿ. ರಾಯಲ್ ಬರುವುದು ಸುಮಾರು 40,000 ಕೈಗೊಮ್ಮೆ. ನೀವು ವರ್ಷಕ್ಕೆ 24 ಗಂಟೆ ಆಡುತ್ತೀರಿ, ಆ ವೇಗದಲ್ಲಿ ಅದು ಹತ್ತಿರಹತ್ತಿರ ಮೂರು ವರ್ಷಕ್ಕೊಂದು. ಬಾರದ ದಿನ ಗಂಟೆಗೆ 18 ಡಾಲರ್ ಸೋಲು ಸಹಜ. ಏರಿಳಿತವಂತೂ ಇನ್ನೂ ದೊಡ್ಡದು: ನಾಲ್ಕು ಗಂಟೆಯ ಕೊನೆಗೆ 270 ಡಾಲರ್ ಅತ್ತ ಇತ್ತ ಆಗುವುದು ಮಾಮೂಲು. ಹಾಗಾಗಿ 200 ಡಾಲರ್ ಎರಡೇ ಗಂಟೆಯಲ್ಲಿ ಮುಗಿದರೆ ಯಂತ್ರ ಮೋಸ ಮಾಡಿತೆಂದು ಅರ್ಥವಲ್ಲ. ಗಂಟೆಗೆ 300 ಕೈಗಿಂತ ಹೆಚ್ಚು ಆಡದಂತೆ ನಿಧಾನಿಸಿ, ಹಣ ಬಾಳುತ್ತದೆ. ಮುಗಿದ ಮೇಲೆ ಎಟಿಎಂ ಕಡೆ ಹೆಜ್ಜೆ ಹಾಕುವುದೇ ಅಭ್ಯಾಸವಾಗಿದ್ದರೆ 1-800-ಗ್ಯಾಂಬ್ಲರ್ ಸಹಾಯವಾಣಿ ಇದೆ, ತನ್ನನ್ನು ಒಳಗೆ ಬಿಡಬೇಡಿ ಎಂದು ಕ್ಯಾಸಿನೊದಲ್ಲೇ ಬರೆದುಕೊಡುವ ಪದ್ಧತಿಯೂ ಇದೆ.

ಸ್ಲಾಟ್ ಬೆಲೆ ಮುಚ್ಚಿಡುವುದು ಹೇಗೆ? 1984ರಲ್ಲಿ ಇಂಗೆ ಟೆಲ್‌ನೆಸ್ ಎಂಬವರಿಗೆ ಪೇಟೆಂಟ್ ಸಿಕ್ಕಿದ ಉಪಾಯದಿಂದ. ಕಣ್ಣಿಗೆ ಕಾಣುವ ಉರುಳೆಯಲ್ಲಿ 22 ನಿಲ್ದಾಣವಿದ್ದರೂ ಒಳಗಿನ ಚಿಪ್ಪಿನಲ್ಲಿ 64 ನಿಲ್ದಾಣದ ಕಾಣದ ಉರುಳೆ ಇರಬಹುದು. ಜಾಕ್‌ಪಾಟ್ ಚಿತ್ರಕ್ಕೆ ಅದರಲ್ಲಿ ಒಂದೇ ಮನೆ, ಅದರ ಮೇಲಿನ ಕೆಳಗಿನ ಖಾಲಿ ಜಾಗಗಳಿಗೆ ಐದಾರು ಮನೆ. ಮೂರು ಉರುಳೆಯ ಮೇಲೆ ಕಣ್ಣಿನ ಲೆಕ್ಕ 10,648ರಲ್ಲಿ ಒಂದು, ನಿಜದ ಲೆಕ್ಕ 2,62,144ರಲ್ಲಿ ಒಂದು. ‘ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು’ ಎಂದು ಪದೇಪದೇ ಅನ್ನಿಸುವುದೂ ಇದರಿಂದಲೇ. ಒಂದೇ ಹೆಸರಿನ ಸ್ಲಾಟನ್ನು ತಯಾರಕರು ಹಲವು ವಾಪಸಾತಿ ದರದಲ್ಲಿ ಮಾರುತ್ತಾರೆ, ಯಾವುದನ್ನು ಹಾಕಿಸಿದ್ದಾರೆಂದು ಗಾಜಿನ ಮೇಲೆ ಎಲ್ಲೂ ಇರುವುದಿಲ್ಲ. ಕನೆಕ್ಟಿಕಟ್‌ನ ಎರಡು ಬುಡಕಟ್ಟು ಕ್ಯಾಸಿನೊಗಳ ಸ್ಲಾಟ್ ಲೆಕ್ಕ ತಿಂಗಳು ತಿಂಗಳು ಪ್ರಕಟವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆ ಪದ್ಧತಿ ಇಲ್ಲ.

ಬಹಳ ಹೊತ್ತು ಕೊಡದ ಯಂತ್ರಕ್ಕೆ ಕೊಡುವ ಸಮಯ ಬರುವುದಿಲ್ಲ. ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಭಾಗ ಯಾರೂ ಆಡದಿದ್ದಾಗಲೂ ಓಡುತ್ತಲೇ ಇರುತ್ತದೆ, ಗುಂಡಿ ಒತ್ತಿದ ಕ್ಷಣದ ಸಂಖ್ಯೆಯೇ ಫಲಿತಾಂಶ, ಹಿಂದಿನದರ ನೆನಪು ಅದಕ್ಕಿಲ್ಲ. ಕ್ಲಬ್ ಕಾರ್ಡ್ ಬರಿಯ ಲೆಕ್ಕದ ಗುಮಾಸ್ತ. ಎಷ್ಟು ಹಣ ಸುತ್ತಿತು ಎಂದು ಬರೆದುಕೊಳ್ಳುತ್ತದೆ, ಆಟಕ್ಕೆ ಕೈ ಹಾಕುವುದಿಲ್ಲ. ಹಾಕಿಯೇ ಆಡಿ. ಆಡಿದ್ದಕ್ಕೆ ಕಾರ್ಡಿಗೆ ಜಮೆಯಾಗುವ ಅಂಕವನ್ನು ವಿಡಿಯೊ ಪೋಕರಿಗೆ ಸ್ಲಾಟಿಗಿಂತ ಕಡಿಮೆ ಕೊಡುವ ಕಡೆಗಳು ಹೆಚ್ಚು, ಕೌಂಟರಿನಲ್ಲಿ ಕೇಳಿಕೊಳ್ಳಿ.

ಯಂತ್ರ ಕೆಟ್ಟು ತಕರಾರು ಬಂದರೆ ಯಾವ ಗುಂಡಿಯನ್ನೂ ಮುಟ್ಟದೆ, ಕುರ್ಚಿ ಬಿಡದೆ ಸಿಬ್ಬಂದಿಯನ್ನು ಕರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಆ ಬುಡಕಟ್ಟಿನದೇ ಆಟ ನಿಯಂತ್ರಣ ಆಯೋಗಕ್ಕೆ ಬರೆದು ಕೊಡಬೇಕು. ಬುಡಕಟ್ಟಿಗೆ ಸಾರ್ವಭೌಮತ್ವ ಇರುವುದರಿಂದ ರಾಜ್ಯದ ಕೋರ್ಟಿನ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ.

ಅಪ್ಪ ಅಮ್ಮನ ವಿಷಯ. ರಾಜ್ಯದ ಧೂಮಪಾನ ನಿಷೇಧ ಬುಡಕಟ್ಟು ನೆಲಕ್ಕೆ ಅನ್ವಯಿಸದು, ಹೊಗೆ ಆಗದವರಾದರೆ ಹೊಗೆರಹಿತ ಜಾಗ ಎಲ್ಲಿದೆ ಎಂದು ಮೊದಲೇ ವಿಚಾರಿಸಿ. ಅದಕ್ಕಿಂತ ಮುಖ್ಯವಾದದ್ದು ತೆರಿಗೆ. ಸ್ಲಾಟ್ ಅಥವಾ ವಿಡಿಯೊ ಪೋಕರ್‌ನಲ್ಲಿ ಒಂದೇ ಏಟಿಗೆ ದೊಡ್ಡ ಮೊತ್ತ ಬಂದರೆ ಯಂತ್ರ ನಿಂತು, ಸಿಬ್ಬಂದಿ ಬಂದು ಕಾಗದ ಬರೆಸಿಕೊಂಡು ಹಣ ಕೊಡುತ್ತಾರೆ. ಈ ಮಿತಿ ಬಹಳ ಕಾಲ 1,200 ಡಾಲರ್ ಇತ್ತು, 2026ರಿಂದ 2,000. ನೀವು ತೆರಿಗೆ ದೃಷ್ಟಿಯಲ್ಲಿ ಅಮೆರಿಕದ ನಿವಾಸಿಯಾಗಿದ್ದರೆ ಡಬ್ಲ್ಯು-2ಜಿ ನಮೂನೆ ಬರುತ್ತದೆ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸುತ್ತೀರಿ. ಸೋಲನ್ನು ಕಳೆಯಲು ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಬೇಕು, 2026ರಿಂದ ಅದರಲ್ಲೂ ನೂರಕ್ಕೆ 90 ಮಾತ್ರ ಕಳೆಯಬಹುದು. ಪ್ರವಾಸಿ ವೀಸಾದಲ್ಲಿ ಕೆಲವು ವಾರಕ್ಕೆ ಬಂದ ಅಪ್ಪ ಅಮ್ಮ ಅನಿವಾಸಿಗಳು. ಅವರಿಗೆ ನೂರಕ್ಕೆ 30 ಅಲ್ಲೇ ಹಿಡಿದು 1042-ಎಸ್ ನಮೂನೆ ಕೊಡುತ್ತಾರೆ. ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಜೂಜಿನ ಗೆಲುವಿಗೆ ವಿನಾಯಿತಿ ಇಲ್ಲ, ಸೋಲನ್ನು ಕಳೆಯುವ ಅವಕಾಶವೂ ಇಲ್ಲ. ಡಾಲರ್ ಯಂತ್ರದಲ್ಲಿ ಅಪ್ಪನಿಗೆ ರಾಯಲ್ ಬಂದು 4,000 ಗೆದ್ದರೆ ಕೈಗೆ ಬರುವುದು 2,800.

‘ನಿನ್ನ ಕೈ ಒಳ್ಳೇದು, ಒಂದ್ಸಲ ಒತ್ತಪ್ಪ’ ಎಂದು ನಿಮ್ಮ ಹಣ ಹಾಕಿದ ಯಂತ್ರದಲ್ಲಿ ಅಪ್ಪನ ಬೆರಳು ಇಡಿಸಿದಿರೋ, ಕ್ಯಾಸಿನೊ ಲೆಕ್ಕದಲ್ಲಿ ಗೆದ್ದವರು ಅವರು. ಹಣ ಯಾರದ್ದು, ಒಳಗಿರುವ ಕ್ಲಬ್ ಕಾರ್ಡ್ ಯಾರದ್ದು ಎನ್ನುವುದು ಸಾಮಾನ್ಯವಾಗಿ ಗಣನೆಗೆ ಬರುವುದಿಲ್ಲ, ಕ್ಯಾಮೆರಾದಲ್ಲಿ ಗುಂಡಿ ಒತ್ತಿದವರು ಯಾರೆಂದು ನೋಡುತ್ತಾರೆ. ಆದ್ದರಿಂದ ಅವರಿಗೆ ಆಡುವ ಆಸೆಯಿದ್ದರೆ ಬೇರೆ ಯಂತ್ರ, ಅವರದೇ ಹಣ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಅದನ್ನು ತೋರಿಸುವವರೆಗೆ ದೊಡ್ಡ ಮೊತ್ತ ಕೈಗೆ ಕೊಡುವುದಿಲ್ಲ.